ಪುಕ್ಕಟೆ ಮನೆಯೂ ಮುತ್ತಜ್ಜನ ಖಾತೆಯೂ

ಶಿರಸಿಯ ಓದುಗರೊಬ್ಬರ ಪತ್ರ: "ಜಪಾನಿನ ಹಳ್ಳಿಗಳಲ್ಲಿ ಮನೆ ಪುಕ್ಕಟೆ ಸಿಗುತ್ತದೆ ಅಂತ ಒಂದು ವಿಡಿಯೋ ನೋಡಿದೆ. ನಿಜವೇ? ನಿಜವಾದರೆ ಅಲ್ಲಿನವರೇ ಯಾಕೆ ತಗೊಳ್ಳುವುದಿಲ್ಲ? ರಿಟೈರ್ ಆದ ಮೇಲೆ ನಾನು ಹೋಗಿ ಇರಬಹುದೇ?"

ಸಂಪಾದಕರ ಉತ್ತರ:

ವಿಡಿಯೋ ಪೂರ್ತಿ ಸುಳ್ಳಲ್ಲ. ಇಂಥ ಖಾಲಿ ಮನೆಗೆ ಅಲ್ಲಿ 'ಅಕಿಯಾ' ಅನ್ನುತ್ತಾರೆ. 2023ರ ಸರ್ಕಾರಿ ಲೆಕ್ಕದ ಪ್ರಕಾರ ದೇಶದಲ್ಲಿ ಸುಮಾರು 90 ಲಕ್ಷ ಮನೆ ಖಾಲಿ. ಬಾಡಿಗೆಗೆ, ಮಾರಾಟಕ್ಕೆ ಇಟ್ಟವನ್ನೆಲ್ಲ ಬಿಟ್ಟರೂ 38 ಲಕ್ಷಕ್ಕಿಂತ ಜಾಸ್ತಿ ಮನೆಗಳು ಸುಮ್ನೆ ಬಾಗಿಲು ಹಾಕಿಕೊಂಡು ನಿಂತಿವೆ.

ಊರಿನ ಆಡಳಿತದವರೇ 'ಅಕಿಯಾ ಬ್ಯಾಂಕ್' ಅಂತ ವೆಬ್‌ಸೈಟ್ ನಡೆಸುತ್ತಾರೆ. ವಧು-ವರರ ಜಾಹೀರಾತಿನ ಹಾಗೆ ಒಂದೊಂದು ಮನೆಯ ಫೋಟೋ, ವಯಸ್ಸು, ಬೆಲೆ ಎಲ್ಲ ಹಾಕಿರುತ್ತಾರೆ. ಟಾಯ್ಲೆಟ್ ಯಾವ ಥರದ್ದು ಅಂತಲೂ ಬರೆದಿರುತ್ತಾರೆ. ಬಿಸಿ ಸೀಟಿನ ಟಾಯ್ಲೆಟ್‌ಗೆ ಹೆಸರಾದ ದೇಶದಲ್ಲೂ ಹಳ್ಳಿಯ ಎಷ್ಟೋ ಹಳೇ ಮನೆಗಳಲ್ಲಿ ಇರುವುದು ಗುಂಡಿಯೇ, ಟ್ಯಾಂಕರ್ ಬಂದು ಹೀರಿಕೊಂಡು ಹೋಗಬೇಕು.

ಅಲ್ಲಿನವರಿಗೆ ಯಾಕೆ ಬೇಡ ಅಂದರೆ, ಹಳ್ಳಿಯಲ್ಲಿ ಕೆಲಸವಿಲ್ಲ, ಹುಡುಗರೆಲ್ಲ ಟೋಕಿಯೋ, ಒಸಾಕಾ ಸೇರಿದ್ದಾರೆ. ಅದಕ್ಕಿಂತ ದೊಡ್ಡ ಮಾತು ಬೇರೆ ಇದೆ. ನಮ್ಮಲ್ಲಿ ಅಜ್ಜ ಕಟ್ಟಿಸಿದ ತೊಟ್ಟಿಮನೆ ಅಂದರೆ ಹೆಮ್ಮೆ, ಅಲ್ವಾ? ಜಪಾನಿನ ತೆರಿಗೆ ಲೆಕ್ಕದಲ್ಲಿ ಮರದ ಮನೆಯ ಆಯಸ್ಸು 22 ವರ್ಷ, ಆಮೇಲೆ ಕೊಳ್ಳುವವರು ಬೆಲೆ ಕಟ್ಟುವುದು ಹೆಚ್ಚಾಗಿ ಜಾಗಕ್ಕೆ. ಅದರಲ್ಲೂ 1981ರಲ್ಲಿ ಭೂಕಂಪದ ಕಟ್ಟಡ ನಿಯಮ ಬಿಗಿಯಾಯಿತು, ಅದಕ್ಕಿಂತ ಹಳೇ ಮನೆ ಅಂದರೆ ಜನ ಹೆದರುತ್ತಾರೆ.

ಹಾಗಾದರೆ ಕೆಡವಬಾರದೇ? ಇಲ್ಲೇ ತಮಾಷೆ ಇರುವುದು. ಮೇಲೆ ಮನೆ ನಿಂತಿದ್ದರೆ 200 ಚದರ ಮೀಟರ್ ತನಕದ ಜಾಗಕ್ಕೆ ತೆರಿಗೆಯ ಲೆಕ್ಕ ಆರನೇ ಒಂದು ಪಾಲಿಗೆ ಇಳಿಯುತ್ತದೆ. ಕೆಡವಿದರೆ ಆ ರಿಯಾಯಿತಿ ಹೋಯಿತು, ಕೆಡವಿದ ಖರ್ಚು ಬೇರೆ. ಹಾಗಾಗಿ ಊರು ಬಿಟ್ಟ ಮಗ ಸುಮ್ಮನಿರುತ್ತಾನೆ, ಒಳಗೆ ಅಮ್ಮನ ಹಾಸಿಗೆ, ಪಾತ್ರೆ, ಹಿರಿಯರ ಪೂಜೆಯ ಗೂಡು ಎಲ್ಲ ಇದ್ದಲ್ಲೇ ಇರುತ್ತವೆ. ಪಾಳು ಬಿಟ್ಟವರಿಗೆ ರಿಯಾಯಿತಿ ತಪ್ಪಿಸುವ ಕಾನೂನನ್ನು 2023ರ ಕೊನೆಗೆ ಇನ್ನಷ್ಟು ಬಿಗಿ ಮಾಡಿದರು.

ಎಷ್ಟೋ ಜಾಗ ಇನ್ನೂ ಮುತ್ತಜ್ಜನ ಹೆಸರಲ್ಲೇ ಇದೆ. ನಾವು ಪೌತಿ ಖಾತೆ ಅನ್ನುತ್ತೇವಲ್ಲ, ಆ ಥರದ ಬದಲಾವಣೆ ಅಲ್ಲಿ ಕಡ್ಡಾಯವಾಗಿದ್ದೇ 2024ರ ಏಪ್ರಿಲ್‌ನಲ್ಲಿ. ಆಸ್ತಿ ಬಂದದ್ದು ಗೊತ್ತಾದ ಮೂರು ವರ್ಷದೊಳಗೆ ಮಾಡಿಸದೆ ಸುಮ್ಮನಿದ್ದರೆ 1 ಲಕ್ಷ ಯೆನ್ ತನಕ ದಂಡ.

ಇನ್ನು ನಿಮ್ಮ ವಿಷಯ. ವಿದೇಶಿಯರೂ ಅಲ್ಲಿ ಮನೆ ಕೊಳ್ಳಬಹುದು. ಆದರೆ ಮನೆಯ ಜೊತೆ ವೀಸಾ ಬರುವುದಿಲ್ಲ. ಟೂರಿಸ್ಟ್ ವೀಸಾದಲ್ಲಿ ಹೋಗಿ, ಸ್ವಂತ ಮನೆಯ ಹುಲ್ಲು ಕಿತ್ತು, ದಿನ ಮುಗಿದ ಕೂಡಲೇ ಶಿರಸಿ ಬಸ್ ಹಿಡಿಯಬೇಕು.