ಗುಳ್ಳೆ ಕೆರೆದು ರೋಗ ಹೇಳಬಹುದೇ?

ಪ್ರಶ್ನೆ: ತಂದೆಯವರ ಬೆನ್ನಿನ ಒಂದೇ ಪಕ್ಕದಲ್ಲಿ ನೀರುಗುಳ್ಳೆಗಳು ಎದ್ದಿದ್ದವು. ಚರ್ಮವೈದ್ಯರು ಒಂದು ಗುಳ್ಳೆಯನ್ನು ಕೆರೆದು, ಅರ್ಧ ಗಂಟೆಯೊಳಗೆ ಸೂಕ್ಷ್ಮದರ್ಶಕದಲ್ಲಿ ನೋಡಿ ಸರ್ಪಸುತ್ತು ಎಂದರು. ರಕ್ತಪರೀಕ್ಷೆಯಿಲ್ಲದೆ ಹೇಳಿದ ಈ ಮಾತನ್ನು ನಂಬಬಹುದೇ?

ಉತ್ತರ: ಧಾರಾಳವಾಗಿ ನಂಬಬಹುದು. ಫ್ರಾನ್ಸಿನ ಚರ್ಮವೈದ್ಯ ಆರ್ನೋ ಟ್ಜಾಂಕ್ 1947ರಲ್ಲಿ ಬಳಕೆಗೆ ತಂದ ಈ ಪರೀಕ್ಷೆಯನ್ನು ಟ್ಜಾಂಕ್ ಸ್ಮಿಯರ್ ಎನ್ನುತ್ತಾರೆ. ಹೊಸದಾಗಿ ಎದ್ದ ಗುಳ್ಳೆಯ ಮೇಲ್ಪೊರೆಯನ್ನು ಬಿಡಿಸಿ, ನೀರನ್ನು ಒರೆಸಿ, ತಳವನ್ನು ಮೆಲ್ಲಗೆ ಕೆರೆದು ತೆಗೆದ ಜೀವಕೋಶಗಳನ್ನು ಗಾಜಿನ ಸ್ಲೈಡಿಗೆ ಬಳಿದು, ಒಣಗಿಸಿ, ಜೀಮ್ಸಾ ಬಣ್ಣ ಹಾಕಿ ನೋಡಿದಾಗ, ಒಂದೇ ಕೋಶದೊಳಗೆ ಹಲವು ಕೋಶಕೇಂದ್ರಗಳು ಒತ್ತೊತ್ತಾಗಿ ಸೇರಿಕೊಂಡಿರುವ ದೈತ್ಯಕೋಶಗಳು ಕಂಡರೆ ಹರ್ಪಿಸ್ ಗುಂಪಿನ ವೈರಸ್ಸೇ ಕಾರಣವೆಂದು ಹೇಳಬಹುದು. ಆದರೆ ಆ ಗುಂಪಿನಲ್ಲಿ ಯಾವುದೆಂದು ಈ ಪರೀಕ್ಷೆ ಹೇಳಲಾರದು. ಸೀತಾಳೆ ಸಿಡುಬು, ಸರ್ಪಸುತ್ತು, ತುಟಿಯ ಹರ್ಪಿಸ್ ಮೂರರಲ್ಲೂ ಅದೇ ಕೋಶಗಳು ಕಾಣುತ್ತವೆ. ಮಧ್ಯರೇಖೆಯನ್ನು ದಾಟದೆ ಒಂದೇ ಪಕ್ಕದಲ್ಲಿ ಪಟ್ಟಿಯಂತೆ ಹಬ್ಬಿದ ಗುಳ್ಳೆಗಳೇ ನಿಮ್ಮ ವೈದ್ಯರಿಗೆ ಉಳಿದದ್ದನ್ನು ತಿಳಿಸಿರಬೇಕು.

ವೈರಸ್ಸಿನ ಡಿಎನ್‌ಎಯನ್ನೇ ಪತ್ತೆಹಚ್ಚುವ ಪಿಸಿಆರ್ ಪರೀಕ್ಷೆ ಇದಕ್ಕಿಂತ ನಿಖರವಾದದ್ದು, ನಿಜ. ಆದರೆ ಅಸೈಕ್ಲೋವಿರ್‌ನಂತಹ ಔಷಧವನ್ನು ಗುಳ್ಳೆ ಎದ್ದ 72 ಗಂಟೆಗಳೊಳಗೆ ಆರಂಭಿಸುವುದು ಲೇಸಾದ್ದರಿಂದ, ವರದಿಗಾಗಿ ಕಾಯುವುದು ಸಾಮಾನ್ಯವಾಗಿ ಜಾಣತನವಲ್ಲ. ಹಕ್ಕಳೆಗಟ್ಟಿದ ಹಳೆಯ ಗುಳ್ಳೆಗಳಲ್ಲಿ ಈ ಕೋಶಗಳು ಸಿಗದೇ ಹೋಗಬಹುದು. ಹಾಗಾಗಿ ಏನೂ ಕಾಣಲಿಲ್ಲವೆಂದ ಮಾತ್ರಕ್ಕೆ ರೋಗವಿಲ್ಲವೆಂದಲ್ಲ. ಕೆಮ್ಮಣ್ಣು ಬಳಿದುಕೊಂಡು ವಾರ ಕಳೆದು ಬರುವವರಲ್ಲಿ ಪರೀಕ್ಷೆಯೂ ಕಷ್ಟ, ಔಷಧದ ಫಲವೂ ಕಡಿಮೆ.