ಗಂಡ ಆದಾಯ ತೆರಿಗೆ ಕಟ್ಟತೊಡಗಿದ ಮೇಲೂ ಗೃಹಲಕ್ಷ್ಮಿ ಹಣ ಬರುತ್ತಿದೆ, ಏನು ಮಾಡಲಿ?

ಉಡುಪಿಯಲ್ಲಿದ್ದೇವೆ, ಗಂಡನಿಗೆ ಮಣಿಪಾಲದಲ್ಲಿ ಒಳ್ಳೆಯ ಸಂಬಳದ ಕೆಲಸ ಸಿಕ್ಕಿದೆ, ತಿಂಗಳ 2,000 ರೂಪಾಯಿ ಮಾತ್ರ ನಿಂತಿಲ್ಲ ಎಂದು ಕೇಳಿದ್ದೀರಿ.

ಸಂಬಳ ಹೆಚ್ಚಿದ್ದೇ ಅನರ್ಹತೆಯಲ್ಲ. ಮನೆಯ ಯಜಮಾನಿ ಅಥವಾ ಅವರ ಗಂಡ ಆದಾಯ ತೆರಿಗೆ ಪಾವತಿದಾರರಾದರೆ, ಇಲ್ಲವೇ ಜಿಎಸ್‌ಟಿ ರಿಟರ್ನ್ ಸಲ್ಲಿಸುವವರಾದರೆ ಗೃಹಲಕ್ಷ್ಮಿ ಸಲ್ಲುವುದಿಲ್ಲ. ಬೆಂಗಳೂರಿನಲ್ಲಿರುವ ಮಗ ತೆರಿಗೆ ಕಟ್ಟಿದರೆ ಈ ನಿಯಮ ತಾಗದು. ಆದರೆ ಅವನ ಹೆಸರು ನಿಮ್ಮ ಪಡಿತರ ಚೀಟಿಯಲ್ಲೇ ಇದ್ದರೆ ಬಿಪಿಎಲ್ ಕಾರ್ಡಿಗೆ ಕುತ್ತು ಬರಬಹುದು. ಎರಡನ್ನೂ ಬೆರೆಸಿ ಹೆದರುವವರೇ ಹೆಚ್ಚು.

ನಿಮ್ಮ ವಿಷಯದಲ್ಲಿ ತೆರಿಗೆ ನಿಜವಾಗಿಯೂ ಸಂದಾಯವಾಗಿದೆಯೇ ಎಂದು ಮೊದಲು ನೋಡಿ. ಸಂಬಳದಿಂದ ಮುರಿದದ್ದು ಪೂರ್ತಿ ಮರಳಿ ಬಂದಿದ್ದರೆ ಆ ದಾಖಲೆ ತೆಗೆದಿಡಿ. ಸಂದಾಯವಾಗಿದ್ದರೆ, ಬಂದ ಹಣ ಮುಟ್ಟದೆ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಗೆ ಲಿಖಿತ ಅರ್ಜಿ ಕೊಡಿ. ಆಧಾರ್, ಪಡಿತರ ಚೀಟಿ, ಪಾಸ್‌ಬುಕ್ ಪ್ರತಿ ಜೊತೆಗಿರಲಿ. ಮೊಹರು ಹಾಕಿಸಿಕೊಂಡ ನಕಲು ಇಲ್ಲದೆ ಹೊರಬರಬೇಡಿ. ಬಾಯಿಮಾತಿನಲ್ಲಿ ಹೇಳಿ ಬಂದರೆ ನಾಳೆ ಅದಕ್ಕೆ ಸಾಕ್ಷಿ ಯಾರು?

ಮರುಪಾವತಿ ಕೇಳಿದರೆ ತಿಂಗಳುವಾರು ಲೆಕ್ಕ ಲಿಖಿತವಾಗಿ ಪಡೆಯಿರಿ. ಒಟ್ಟಿಗೆ ಕೊಡಲಾಗದಿದ್ದರೆ ಕಂತಿಗೆ ಮನವಿ ಮಾಡಬಹುದು. ಮೊಬೈಲಿಗೆ ಬಂದ ಲಿಂಕಿಗಾಗಲಿ, ಮಧ್ಯವರ್ತಿಯ ಕೈಗಾಗಲಿ ಒಂದು ಪೈಸೆಯನ್ನೂ ಕೊಡಬೇಡಿ.

ಅಂದಹಾಗೆ, ಕಾರ್ಡು ಎಪಿಎಲ್ ಆಯಿತೆಂಬ ಒಂದೇ ಕಾರಣಕ್ಕೆ ಗೃಹಲಕ್ಷ್ಮಿ ತಪ್ಪುವುದಿಲ್ಲ. ಎಪಿಎಲ್ ಕುಟುಂಬದ ಯಜಮಾನಿಯರಿಗೂ ಈ ಯೋಜನೆ ಇದೆ.