ನಿಶ್ಚಿತಾರ್ಥದ ಉಂಗುರ ಇಷ್ಟವಾಗದಿದ್ದರೆ ಅದರ ವಿನ್ಯಾಸವನ್ನು ಬದಲಿಸಬಹುದೇ?

ಖಂಡಿತ ಬದಲಿಸಬಹುದು. ಆದರೆ ಉಂಗುರವನ್ನು ಅಕ್ಕಸಾಲಿಗರ ಕೈಗೆ ಕೊಡುವ ಮೊದಲು ಅದನ್ನು ತೊಡಿಸಿದವರಿಗೆ ನೀವೇ ತಿಳಿಸಿ. ಮದುವೆಯ ಮಂಟಪದಲ್ಲಿ ಬೇರೆ ಉಂಗುರ ಕಂಡು ಅವರು ನೊಂದುಕೊಳ್ಳುವಂತೆ ಆಗಬಾರದು.

ನಿಮಗೆ ಯಾವುದು ಹಿಡಿಸಿಲ್ಲ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. ಹರಳು ಚೆನ್ನಾಗಿದ್ದು ಅದನ್ನು ಕೂರಿಸಿದ ಕಟ್ಟು ಮಾತ್ರ ಎತ್ತರವಾಗಿದ್ದರೆ, ಇಡೀ ಉಂಗುರವನ್ನು ಕರಗಿಸದೆ ಮೇಲ್ಭಾಗವನ್ನಷ್ಟೇ ತಗ್ಗಿಸಿ ಕಟ್ಟಿಸಬಹುದು. ಅಡಿಕೆ ಸುಲಿಯುವ ನಮ್ಮ ಮಲೆನಾಡಿನ ಮನೆಗಳಲ್ಲಿ ಹರಳನ್ನು ಹಿಡಿದಿಡುವ, ಎದ್ದು ನಿಂತ ಕೊಕ್ಕೆಗಳಿಗೆ ಸಿಪ್ಪೆಯ ನಾರು ಸಿಕ್ಕಿಕೊಂಡು, ಅವು ಕ್ರಮೇಣ ಬಾಗಿ, ಹರಳು ಸಡಿಲವಾಗುತ್ತದೆ. ಆದ್ದರಿಂದ ಹರಳಿನ ಅಂಚನ್ನು ಸುತ್ತಲೂ ಚಿನ್ನದಿಂದ ಮುಚ್ಚುವ ಕಟ್ಟೇ ನನ್ನ ದೃಷ್ಟಿಯಲ್ಲಿ ಉತ್ತಮ. ಪಚ್ಚೆ ಅಥವಾ ಮುತ್ತು ಇದ್ದರೆ ಬೆಸುಗೆಗೆ ಮುನ್ನ ತೆಗೆಸಲೇಬೇಕು, ಏಕೆಂದರೆ ಅವು ಬೆಂಕಿಯ ಶಾಖವನ್ನು ತಡೆಯುವುದಿಲ್ಲ.

ಪೂರ್ತಿ ಹೊಸದಾಗಿ ಮಾಡಿಸುವುದಾದರೆ, ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಒಂದೆರಡು ಅಂಗಡಿಗಳಲ್ಲಿ ವಿಚಾರಿಸಿ, ಹರಳು ಬಿಡಿಸಿದ ನಂತರದ ಚಿನ್ನದ ತೂಕ, ಸವಕಳಿ (ಕೆಲಸದಲ್ಲಿ ನಷ್ಟವಾಗುವ ಚಿನ್ನ) ಮತ್ತು ಮಜೂರಿಯನ್ನು ಬೇರೆಬೇರೆಯಾಗಿ ಚೀಟಿಯಲ್ಲಿ ಬರೆಸಿಕೊಳ್ಳಿ. 22 ಕ್ಯಾರೆಟ್ ಚಿನ್ನ ಮೆದುವಾಗಿರುವುದರಿಂದ ವಜ್ರದ ಉಂಗುರಕ್ಕೆ ಸಾಮಾನ್ಯವಾಗಿ 18 ಕ್ಯಾರೆಟ್ ಬಳಸುತ್ತಾರೆ. ಕರಗಿಸಿದ ಮೇಲೆ ಚಿನ್ನದ ಶುದ್ಧತೆಯನ್ನು ತೋರಿಸುವ ಹಳೆಯ ಹಾಲ್‌ಮಾರ್ಕ್ ಮುದ್ರೆ ಉಳಿಯುವುದಿಲ್ಲವಾದ್ದರಿಂದ, ಹೊಸ ಉಂಗುರಕ್ಕೆ ಹಾಲ್‌ಮಾರ್ಕ್ ಜೊತೆಗೆ ಬರುವ, ಆರು ಅಕ್ಷರ-ಅಂಕಿಗಳ ಗುರುತು ಸಂಖ್ಯೆಯಾದ ಎಚ್‌ಯುಐಡಿ ಹಾಕಿಸಿ, ಬಿಐಎಸ್ ಕೇರ್ ಆ್ಯಪ್‌ನಲ್ಲಿ ಪರಿಶೀಲಿಸಿಯೇ ಹಣ ಕೊಡಿ.